ಸಹಾಯ ಬೇಕು: 2 ಅಡಿ ಉಪ್ಪುನೀರಿನ ಟ್ಯಾಂಕಿಗೆ ಯಾವ ಲೈಟ್ ಹಾಕಲಿ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಮನೆಯಲ್ಲಿ 70 ಲೀಟರಿನ ಉಪ್ಪುನೀರಿನ ಟ್ಯಾಂಕ್ ಇಟ್ಟು ಏಳು ತಿಂಗಳಾಯಿತು. ಎತ್ತರ ಒಂದೂಕಾಲು ಅಡಿ. ಇರುವುದು ಸಾಕುವವರು ಮೃದು ಹವಳ ಅನ್ನುವಂಥವೇ: ಒಂದಿಷ್ಟು ಜೊಯಾಂಥಿಡ್, ಎರಡು ಮಶ್ರೂಮ್ ಹವಳ, ಅಷ್ಟೇ. ಗಟ್ಟಿ ಹವಳಗಳು ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿವೆ, ಅವನ್ನು ಸಾಕುವ ಯೋಚನೆಯೇ ಇಲ್ಲ, ಹಾಗಾಗಿ ಅವಕ್ಕೆ ಬೇಕಾದಷ್ಟು ಜೋರು ಲೈಟ್ ಬೇಡ.

ಈಗಿರುವುದು ಸಿಹಿನೀರಿನ ಹಳೇ ಟ್ಯಾಂಕಿನ 18 ವ್ಯಾಟ್ ಬಿಳಿ ಎಲ್‌ಇಡಿ. ಜೊಯಾಂಥಿಡ್‌ಗಳ ಕತ್ತು ದಿನೇ ದಿನೇ ಉದ್ದವಾಗುತ್ತಿದೆ, ಬಣ್ಣವೂ ಮಂಕಾಗಿದೆ. ಬೆಳಕು ಸಾಲುತ್ತಿಲ್ಲ ಅಂತ ಅಲ್ವಾ? ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಅಂಗಡಿಯವರು 165 ವ್ಯಾಟಿನದು ತೋರಿಸಿದರು, ಆದರೆ ಇಷ್ಟು ಚಿಕ್ಕ ಟ್ಯಾಂಕಿಗೆ ಅದು ಜಾಸ್ತಿಯಾಗಿ ಹವಳ ಬೆಳ್ಳಗಾಗಿಬಿಟ್ಟರೆ ಏನು ಮಾಡೋದು ಅಂತ ಭಯ, ಮಶ್ರೂಮ್‌ಗಳಿಗಂತೂ ಕಡಿಮೆ ಬೆಳಕೇ ಇಷ್ಟ. ಬೇಸಿಗೆಯಲ್ಲಿ ನೀರು 29 ಡಿಗ್ರಿ ಮುಟ್ಟುತ್ತದೆ, ಲೈಟಿನ ಬಿಸಿಯೂ ಸೇರಿದರೆ ಕಷ್ಟ.

ನೀಲಿ, ಬಿಳಿ ಬೇರೆ ಬೇರೆಯಾಗಿ ಕಡಿಮೆ ಮಾಡಬಹುದಾದ 50 ವ್ಯಾಟಿನ ಎಲ್‌ಇಡಿ ಸಾಕಾ? ನೀರಿನಿಂದ ಎಷ್ಟು ಎತ್ತರಕ್ಕೆ ತೂಗುಹಾಕಬೇಕು? ಬೆಳಕನ್ನು 30 ಪರ್ಸೆಂಟಿನಿಂದ ಶುರು ಮಾಡಿ ವಾರವಾರ ಸ್ವಲ್ಪ ಏರಿಸೋಣ ಅಂತಿದ್ದೇನೆ. ಮೃದು ಹವಳ ಸಾಕಿದವರು ನಿಮ್ಮ ಲೈಟು, ದಿನಕ್ಕೆ ಎಷ್ಟು ಗಂಟೆ ಹಾಕುತ್ತೀರಿ, ಎರಡೂ ತಿಳಿಸಿ. ಫೋಟೋ ಇದ್ದರೆ ಇನ್ನೂ ಒಳ್ಳೆಯದು.