ಭ್ರೂಣದ ಮೆದುಳಲ್ಲಿ ಮ್ಯಾಪ್2 ಬ್ಯಾಂಡ್ 70ರ ಹತ್ರ ಬರ್ತಿದೆ, ಜಿಎಫ್‌ಎಪಿ ಬರ್ತಾನೇ ಇಲ್ಲ. ಆಂಟಿಬಾಡಿ ಕೆಟ್ಟಿದ್ಯಾ?

ನರತಂತು

ಎಲ್ರಿಗೂ ನಮಸ್ಕಾರ. ಪಿಎಚ್‌ಡಿ ಎರಡನೇ ವರ್ಷ, ಮೌಸ್ ಭ್ರೂಣದ ಕಾರ್ಟೆಕ್ಸ್ ಮೇಲೆ ಕೆಲ್ಸ ಮಾಡ್ತಿದೀನಿ. ಇ14.5, ಇ18.5 (ಅಂದ್ರೆ ಗರ್ಭದ 14.5, 18.5ನೇ ದಿನ) ಮತ್ತೆ ಅಡಲ್ಟ್, ಈ ಮೂರರ ಸ್ಯಾಂಪಲ್ಲನ್ನೂ ಒಂದೇ ಜೆಲ್‌ನಲ್ಲಿ ಓಡ್ಸಿ ವೆಸ್ಟರ್ನ್ (ಪ್ರೋಟೀನ್‌ಗಳನ್ನ ತೂಕದ ಪ್ರಕಾರ ಬೇರೆ ಮಾಡಿ ಆಂಟಿಬಾಡಿಯಿಂದ ಗುರುತಿಸೋದು) ಮಾಡ್ದೆ. ನ್ಯೂರಾನ್‌ನ ಪ್ರೋಟೀನ್ ಮ್ಯಾಪ್2 ಅಂದ್ರೆ 280 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ) ಅಂತ ಎಲ್ಲಾ ಕಡೆ ಓದಿದೀನಿ, ಅಡಲ್ಟ್ ಲೇನಲ್ಲಿ ಅಲ್ಲೇ ದಪ್ಪಕ್ಕೆ ಬಂತು, ಆದ್ರೆ ಭ್ರೂಣದ ಲೇನುಗಳಲ್ಲಿ 280ರಲ್ಲಿ ಏನೋ ಮಸುಕು ಮಸುಕು, 70ರ ಹತ್ರ ಮಾತ್ರ ಒಳ್ಳೇ ಚೊಕ್ಕ ಬ್ಯಾಂಡು. ಜಿಎಫ್‌ಎಪಿ (ಆಸ್ಟ್ರೋಸೈಟ್ ಅನ್ನೋ ಪೋಷಕ ಕೋಶಗಳ ಪ್ರೋಟೀನ್) ಅಡಲ್ಟಲ್ಲಿ 50ರ ಹತ್ರ ಸರಿಯಾಗೇ ಇದೆ, ಇ14.5ರಲ್ಲಿ ಪೂರ್ತಿ ಖಾಲಿ. ಗೈಡು ಹೊಸ ಆಂಟಿಬಾಡಿ ತರ್ಸಿ ಅಂತಿದಾರೆ, ಅದಕ್ಕೆ ದುಡ್ಡೂ ಹೋಗತ್ತೆ, ಬರೋಕೆ ವಾರಗಟ್ಲೆ ಕಾಯ್ಬೇಕು. ಇದು ನಿಜವಾಗ್ಲೂ ಆಂಟಿಬಾಡಿ ಸಮಸ್ಯೆನಾ? ನನ್ನ ಮ್ಯಾಪ್2 ಆಂಟಿಬಾಡಿಯ ಕ್ಲೋನು ಎಚ್‌ಎಂ-2.

ಹಳೇಬ್ಲಾಟಿಗ

ದಯವಿಟ್ಟು ಆರ್ಡರ್ ಹಾಕ್ಬೇಡಿ. ನಿಮ್ಮ ಬ್ಲಾಟ್ ಚೆನ್ನಾಗೇ ಬಂದಿದೆ, ಭ್ರೂಣ ಏನು ಹೇಳ್ಬೇಕೋ ಅದನ್ನೇ ಹೇಳಿದೆ.

ಮ್ಯಾಪ್2 ಒಂದೇ ಪ್ರೋಟೀನ್ ಅಲ್ಲ. ಒಂದೇ ಜೀನ್‌ನ ಆರ್‌ಎನ್‌ಎಯನ್ನ ಬೇರೆ ಬೇರೆ ಥರ ಕತ್ತರಿಸಿ ಜೋಡ್ಸಿ ಎ, ಬಿ, ಸಿ ಅಂತ ರೂಪಗಳು ಆಗ್ತವೆ. ಎ ಮತ್ತೆ ಬಿ ದೊಡ್ಡವು, 280ರ ಹತ್ರ ಓಡ್ತವೆ. ಸಿ ಅನ್ನೋದು ಎಳೇ ಮೆದುಳಿನ ರೂಪ, ನಡುವಿನ ಉದ್ದದ ತುಂಡೇ ಅದ್ರಲ್ಲಿ ಇರಲ್ಲ, ಹಾಗಾಗಿ 70ರ ಹತ್ರ ಬರತ್ತೆ. ಭ್ರೂಣದಲ್ಲಿ ಸಿ ಜಾಸ್ತಿ, ಬಿ ಸ್ವಲ್ಪ ಇರತ್ತೆ, ನೀವು ಮಸುಕು ಅಂದಿದ್ದು ಅದೇ. ಮರಿ ಹುಟ್ಟಿ ಹತ್ತಿಪ್ಪತ್ತು ದಿನದೊಳಗೆ ಸಿ ಇಳಿಯತ್ತೆ, ಎ ಏರತ್ತೆ. ಅಡಲ್ಟ್‌ನಲ್ಲೂ ವಾಸನೆ ನೋಡ್ಕೊಳ್ಳೋ ಆಲ್ಫ್ಯಾಕ್ಟರಿ ಬಲ್ಬಲ್ಲಿ ಸಿ ಉಳ್ಕೊಂಡಿರತ್ತೆ ಯಾಕಂದ್ರೆ ಅಲ್ಲಿಗೆ ಹೊಸ ನ್ಯೂರಾನ್‌ಗಳು ಬರ್ತಾನೇ ಇರ್ತವೆ. ನಿಮ್ಮ ಎಚ್‌ಎಂ-2 ಮೂರೂ ರೂಪಗಳನ್ನ ಹಿಡಿಯತ್ತೆ, ಅದಕ್ಕೇ 70 ಕಾಣಿಸ್ತು. ಎಪಿ-20 ಅನ್ನೋ ಇನ್ನೊಂದು ಕ್ಲೋನು ಹಾಕಿದ್ರೆ ಅದು ಎ, ಬಿ ಮಾತ್ರ ಹಿಡಿಯತ್ತೆ, ಭ್ರೂಣದ ಲೇನು ಹೆಚ್ಚುಕಮ್ಮಿ ಖಾಲಿ ಬಂದು ನೀವು ಇನ್ನೂ ಗಾಬರಿ ಆಗ್ತಿದ್ರಿ.

ಕಡಲತಡಿ

ಹಳೇಬ್ಲಾಟಿಗ ಅವ್ರೇ, ಒಪ್ದೆ, ಆದ್ರೆ ಒಂದು ತಕರಾರಿದೆ. ಮ್ಯಾಪ್2ನ ಕ್ಯಾಲ್ಪೇನ್ ಅನ್ನೋ ಕಿಣ್ವ ಕ್ಷಣದಲ್ಲಿ ತುಂಡು ಮಾಡಿಬಿಡತ್ತೆ, ಅದೂ ಡಿಸೆಕ್ಷನ್ ನಿಧಾನ ಆದ್ರೆ, ಐಸ್ ಕರಗಿದ್ರೆ ಕೇಳೋದೇ ಬೇಡ. ಆ 70 ದೊಡ್ಡದು ಮುರಿದು ಬಿದ್ದ ತುಂಡಲ್ಲ ಅಂತ ಹೇಗೆ ಹೇಳ್ತೀರ? ಇನ್ನೊಂದು, 12 ಪರ್ಸೆಂಟ್ ಜೆಲ್ ಹಾಕಿದ್ರೆ 280 ಅಲ್ಲೇ ಸಿಕ್ಕಾಕ್ಕೊಂಡು ಮೆಂಬ್ರೇನ್‌ಗೆ ಸರಿಯಾಗಿ ಇಳಿಯೋದೇ ಇಲ್ಲ, ಅಡಲ್ಟಲ್ಲಿ ತುಂಬಾ ಇರೋದ್ರಿಂದ ಕಂಡಿರ್ಬೋದು, ಭ್ರೂಣದ ಸ್ವಲ್ಪ ಕಾಣ್ದೇ ಹೋಗಿರ್ಬೋದು.

ಹಳೇಬ್ಲಾಟಿಗ

ತಕರಾರು ನ್ಯಾಯವಾದದ್ದೇ. ಮುರಿದಿದ್ರೆ ಸಾಮಾನ್ಯವಾಗಿ ಮೇಲಿಂದ ಕೆಳಗೆ ಏಣಿ ಥರ ಸಣ್ಣ ಸಣ್ಣ ಬ್ಯಾಂಡು, ಮಧ್ಯೆ ಮಧ್ಯೆ ಉಜ್ಜಿದ ಹಾಗೆ ಬರತ್ತೆ, ಇವ್ರಿಗೆ ಚೊಕ್ಕ ಒಂದೇ ಬಂದಿದೆ ಅಂತಿದಾರೆ. ಆದ್ರೂ ನೋಡಿಬಿಡೋದು ಒಳ್ಳೇದು. ಅಡಲ್ಟ್ ಕಾರ್ಟೆಕ್ಸ್ ಒಂದು ಚೂರನ್ನ ಬೇಕಂತ್ಲೇ ಅರ್ಧ ಗಂಟೆ ರೂಮ್ ಟೆಂಪರೇಚರಲ್ಲಿ ಬಿಟ್ಟು ಪಕ್ಕದ ಲೇನಲ್ಲಿ ಓಡ್ಸಿ, ಮುರಿದ ಮ್ಯಾಪ್2 ನೋಡೋಕೆ ಹೇಗಿರತ್ತೆ ಅಂತ ಕಣ್ಣಿಗೆ ಗೊತ್ತಾಗತ್ತೆ. ಭ್ರೂಣದ ಸ್ಯಾಂಪಲ್‌ಗೆ ಲೈಸಿಸ್ ಬಫರಲ್ಲಿ ಇಜಿಟಿಎ ಇರ್ಲಿ, ಕ್ಯಾಲ್ಪೇನ್‌ಗೆ ಕ್ಯಾಲ್ಸಿಯಂ ಬೇಕು, ಅದನ್ನ ಕಸಿದ್ಕೊಂಡ್ರೆ ಕೆಲ್ಸ ಮಾಡಲ್ಲ. ಜೆಲ್ ಗ್ರೇಡಿಯೆಂಟ್ ತಗೊಳ್ಳಿ, ಟ್ರಾನ್ಸ್‌ಫರ್ ರಾತ್ರಿಯಿಡೀ ಕೋಲ್ಡ್ ರೂಮಲ್ಲಿ, ಮೆಥನಾಲ್ ಕಮ್ಮಿ ಮಾಡಿ.

ರೇಡಿಯಲ್‌ಗ್ಲಿಯಾ

ಜಿಎಫ್‌ಎಪಿ ಬಗ್ಗೆ ಯಾರೂ ಹೇಳ್ಲಿಲ್ಲ, ನಂಗೆ ಅದೇ ಇಲ್ಲಿ ಮುಖ್ಯ ಅನ್ಸತ್ತೆ. ಇ14.5 ಮೌಸ್ ಕಾರ್ಟೆಕ್ಸಲ್ಲಿ ಆಸ್ಟ್ರೋಸೈಟೇ ಹುಟ್ಟಿರಲ್ಲ. ಆಗ ನ್ಯೂರಾನ್ ಹುಟ್ಟೋ ಹೊತ್ತು, ಅದು ಸುಮಾರು ಇ11ರಿಂದ ಇ17ರ ತನಕ ನಡಿಯತ್ತೆ, ಆಮೇಲೆ ಗ್ಲಿಯಾ (ಆಸ್ಟ್ರೋಸೈಟ್ ಥರದ ಪೋಷಕ ಕೋಶಗಳು) ಶುರು, ಅದ್ರಲ್ಲಿ ಹೆಚ್ಚಿನ ಪಾಲು ಮರಿ ಹುಟ್ಟಿದ ಮೇಲೇ. ಮನುಷ್ಯರ, ಕೋತಿಗಳ ಭ್ರೂಣದಲ್ಲಿ ರೇಡಿಯಲ್ ಗ್ಲಿಯಾ ಅನ್ನೋ, ನ್ಯೂರಾನ್ ಹುಟ್ಸೋ ಮೂಲಕೋಶಗಳಲ್ಲೇ ಜಿಎಫ್‌ಎಪಿ ಕಾಣತ್ತೆ, ಮೌಸು ರ್‍ಯಾಟಲ್ಲಿ ಹಾಗಿಲ್ಲ, ಅವುಗಳ ಪೇಪರು ಓದಿ ಮೌಸಲ್ಲಿ ಹುಡುಕೋದು ಬೇಡ.

ಇನ್ನೂ ಚೆಂದದ ವಿಷ್ಯ ಏನಂದ್ರೆ ಜೀನೇ ಬೀಗ ಹಾಕಿ ಕೂತಿರತ್ತೆ. ಜಿಎಫ್‌ಎಪಿ ಪ್ರೊಮೋಟರಲ್ಲಿ (ಜೀನ್ ಶುರು ಮಾಡೋ ಡಿಎನ್‌ಎ ಭಾಗ), ಜೀನ್ ಆನ್ ಮಾಡೋ ಸ್ಟ್ಯಾಟ್3 ಪ್ರೋಟೀನ್ ಅಂಟೋ ಜಾಗಕ್ಕೆ ಇ11.5ರಲ್ಲಿ ಮಿಥೈಲ್ ಗುಂಪು ಹತ್ಕೊಂಡಿರತ್ತೆ, ಆ ಕೋಶಗಳಿಗೆ ಎಲ್‌ಐಎಫ್ ಅನ್ನೋ ಸಂಕೇತ ಪ್ರೋಟೀನ್ ಹಾಕಿ ಆಸ್ಟ್ರೋಸೈಟ್ ಆಗಿ ಅಂದ್ರೂ ಆಗಲ್ಲ, ಇ14.5ರ ಹೊತ್ತಿಗೆ ಆ ಮಿಥೈಲ್ ಹೋಗಿರತ್ತೆ, ಆಗ ಹಾಕಿದ್ರೆ ಆಗ್ತವೆ. ಅಂದ್ರೆ ನಿಮ್ಮ ಇ14.5ರಲ್ಲಿ ಬೀಗ ತೆಗೆದಿದೆ ಆದ್ರೆ ಬಾಗಿಲು ಇನ್ನೂ ತೆರ್ದಿಲ್ಲ. ಆ ಖಾಲಿ ಲೇನು ಕೂಡ ರಿಸಲ್ಟೇ, ಥೀಸಿಸಲ್ಲಿ ಧೈರ್ಯವಾಗಿ ಹಾಕಿ.

ಆ ವಯಸ್ಸಿಗೆ ರೇಡಿಯಲ್ ಗ್ಲಿಯಾ ನೋಡ್ಬೇಕಂದ್ರೆ ಅವುಗಳ ಗುರುತಿನ ಪ್ರೋಟೀನ್‌ಗಳಾದ ನೆಸ್ಟಿನ್, ಬಿಎಲ್‌ಬಿಪಿ, ಪ್ಯಾಕ್ಸ್6 ತಗೊಳ್ಳಿ. ವೆಂಟ್ರಿಕಲ್ ಅಂಚಲ್ಲಿ ಪ್ಯಾಕ್ಸ್6, ಅದ್ರ ಮೇಲೆ ಟಿಬಿಆರ್2 (ನಡುವಿನ ಹಂತದ ಕೋಶ), ಇನ್ನೂ ಮೇಲೆ ಟಿಬಿಆರ್1 (ಹೊಸ ನ್ಯೂರಾನ್), ಸೆಕ್ಷನ್‌ನಲ್ಲಿ ಪದರ ಪದರವಾಗಿ ನಿಂತಿರೋದು ನೋಡಿದ್ರೆ ಒಂದು ಕೋಶ ನ್ಯೂರಾನ್ ಆಗೋ ದಾರಿನೇ ಕಾಣ್ಸತ್ತೆ. ನೆಸ್ಟಿನ್‌ಗೆ ರ್‍ಯಾಟ್-401 ಅಂತ ಹಳೇ ಕ್ಲೋನಿದೆ, 1985ರಲ್ಲಿ ಬಂದಿದ್ದು, ಅದು ಹಿಡಿಯೋ ಪ್ರೋಟೀನ್‌ಗೆ 1990ರಲ್ಲಿ ನೆಸ್ಟಿನ್ ಅಂತ ಹೆಸ್ರಿಟ್ರು. ಅಯೋವಾ ಯೂನಿವರ್ಸಿಟಿಯ ಹೈಬ್ರಿಡೋಮಾ (ಆಂಟಿಬಾಡಿ ಮಾಡೋ ಕೋಶಗಳು) ಬ್ಯಾಂಕಲ್ಲಿ ಕಂಪನಿಗಳಿಗಿಂತ ಕಮ್ಮಿಗೆ ಸಿಗತ್ತೆ. ಆದ್ರೆ ಅದು ಮೌಸಲ್ಲಿ ಮಾಡಿದ ಆಂಟಿಬಾಡಿ, ಮೌಸ್ ಸೆಕ್ಷನ್ ಮೇಲೆ ಹಾಕಿದ್ರೆ ಸೆಕೆಂಡರಿ (ಮೊದಲ ಆಂಟಿಬಾಡಿ, ಅಂದ್ರೆ ಪ್ರೈಮರಿಯನ್ನ ಹಿಡಿಯೋ ಎರಡನೇ ಆಂಟಿಬಾಡಿ) ಹೋಗಿ ರಕ್ತನಾಳದಲ್ಲಿರೋ ಮೌಸಿನದೇ ಆಂಟಿಬಾಡಿ ಐಜಿಜಿಗೂ ಅಂಟತ್ತೆ, ಪ್ರೈಮರಿ ಹಾಕ್ದೇ ಒಂದು ಸ್ಲೈಡ್ ಮಾಡ್ಲೇಬೇಕು.

ನರತಂತು

ಎಲ್ರಿಗೂ ತುಂಬಾ ಥ್ಯಾಂಕ್ಸ್, ಗೈಡ್‌ಗೆ ಈ ಥ್ರೆಡ್ಡೇ ತೋರಿಸ್ತೀನಿ. ಇನ್ನೆರಡು ಪ್ರಶ್ನೆ. ಲೋಡಿಂಗ್ ಕಂಟ್ರೋಲ್‌ಗೆ (ಎಲ್ಲಾ ಲೇನಲ್ಲೂ ಪ್ರೋಟೀನ್ ಸಮ ಇದ್ಯಾ ನೋಡೋಕೆ) ಆಕ್ಟಿನ್ ಹಾಕಿದೀನಿ, ಭ್ರೂಣದಲ್ಲಿ ದಪ್ಪ, ಅಡಲ್ಟಲ್ಲಿ ಸಣ್ಣ, ಇದು ನಾನು ಪ್ರೋಟೀನ್ ಅಳತೆ ತಪ್ಪಿದ್ದಾ? ಮತ್ತೆ ರ್‍ಯಾಟ್ ಇ18 ಹಿಪೊಕ್ಯಾಂಪಸ್ ಕಲ್ಚರಲ್ಲಿ ಒಂದು ವಾರಕ್ಕೆ ಜಿಎಫ್‌ಎಪಿ ಬರ್ತಿದೆ, ಟಿಶ್ಯೂನಲ್ಲಿ ಇಲ್ದೇ ಇದ್ದದ್ದು ಡಿಶಲ್ಲಿ ಎಲ್ಲಿಂದ?

ಕಡಲತಡಿ

ಅಳತೆ ಸರಿಯಾಗೇ ಇರ್ಬೋದು. ಬೆಳೀತಿರೋ ನರಕೋಶಕ್ಕೆ ಆಕ್ಟಿನ್ ಜಾಸ್ತಿ ಬೇಕು, ಬೆಳವಣಿಗೆ ಮುಗೀತಾ ಕಮ್ಮಿ ಆಗತ್ತೆ. ಇನ್ನೊಂದು ಕಂಟ್ರೋಲ್ ಪ್ರೋಟೀನ್ ಜಿಎಪಿಡಿಎಚ್ ಹಾಕಿದ್ರೆ ಉಲ್ಟಾ, ವಯಸ್ಸಾದಂತೆ ಏರತ್ತೆ. ಬೇರೆ ಬೇರೆ ವಯಸ್ಸು ಹೋಲ್ಸೋವಾಗ ಒಂದೇ ಪ್ರೋಟೀನ್ ನಂಬ್ಬೇಡಿ, ಎಲ್ಲಾ ಪ್ರೋಟೀನ್‌ಗೂ ಹತ್ತೋ ಪಾನ್ಸೋ ಬಣ್ಣ ಹಾಕಿ ಇಡೀ ಲೇನಿನ ಫೋಟೋ ತೆಗೆದು ಅದ್ರಿಂದಲೇ ನಾರ್ಮಲೈಸ್ ಮಾಡಿ.

ಕಲ್ಚರ್ ವಿಷ್ಯ: ಇ18 ಅಂದ್ರೂ ಅದ್ರಲ್ಲಿ ಗ್ಲಿಯಾ ಆಗೋ ಪ್ರೊಜೆನಿಟರ್‌ಗಳು ಇದ್ದೇ ಇರ್ತವೆ. ನ್ಯೂರಾನ್ ಇನ್ನು ವಿಭಜನೆ ಆಗಲ್ಲ, ಇವು ಆಗ್ತವೆ. ಪ್ಲೇಟಿಂಗ್ ಟೈಮಲ್ಲಿ ಸೀರಮ್ ಹಾಕಿ ಅದನ್ನೇ ಬಿಟ್ಟಿದ್ರೆ ಅವಕ್ಕೆ ಹಬ್ಬ. ಕೆಲವು ಗಂಟೆ ಆದ್ಮೇಲೆ ಸೀರಮ್ ತೆಗೆದು ಸೀರಮ್ ಇಲ್ದಿರೋ ಮೀಡಿಯಂ ನ್ಯೂರೋಬೇಸಲ್, ಬಿ27ಗೆ ಬದಲಾಯಿಸಿ, ಬೇಕಿದ್ರೆ ಮೂರನೇ ದಿನದ ಸುಮಾರಿಗೆ ಸ್ವಲ್ಪ ಅರಾ-ಸಿ (ವಿಭಜನೆ ಆಗೋ ಕೋಶಗಳನ್ನ ತಡೆಯೋ ಔಷಧ). ಆದ್ರೆ ಗ್ಲಿಯಾ ಪೂರ್ತಿ ಸಾಯ್ಸೋಕೆ ಹೋಗ್ಬೇಡಿ, ತೆಳ್ಳಗೆ ಪ್ಲೇಟ್ ಮಾಡಿದ ನ್ಯೂರಾನ್‌ಗಳು ಅವಿಲ್ದೇ ಹೆಚ್ಚು ದಿನ ಬದುಕಲ್ಲ. ಅದೇ ಡಿಶಲ್ಲಿ ಮ್ಯಾಪ್2 ಸ್ಟೇನ್ ಮಾಡಿ, ಮೊದಲ ದಿನಗಳಲ್ಲಿ ಎಲ್ಲಾ ಎಳೆಗಳಲ್ಲೂ ಇರತ್ತೆ, ಆಮೇಲೆ ಆಕ್ಸಾನ್‌ನಿಂದ ಕಮ್ಮಿ ಆಗ್ತಾ ಡೆಂಡ್ರೈಟ್‌ಗಳಲ್ಲೇ ಉಳ್ಕೊಳತ್ತೆ. ಯಾವ ದಿನ ಫಿಕ್ಸ್ ಮಾಡಿದ್ರಿ ಅಂತ ಪ್ರತಿ ಕವರ್‌ಸ್ಲಿಪ್ ಮೇಲೂ ಬರೀರಿ.