‘ಇನ್‌ಹೆರಿಟೆನ್ಸ್’ ಅಂದರೆ ಪಿತ್ರಾರ್ಜಿತವೇ?

ಪ್ರಶ್ನೆ: ಹರಿಹರ ತಾಲ್ಲೂಕಿನ ಒಂದು ಗದ್ದೆಯ ಕ್ರಯಪತ್ರದ ಕರಡು ಇಂಗ್ಲಿಷಿನಲ್ಲಿದೆ, ದಾವಣಗೆರೆಯಲ್ಲಿ ಕನ್ನಡಕ್ಕೆ ತರಬೇಕಾಗಿದೆ. ಮಾರುವವರಿಗೆ ಜಮೀನು ತಾಯಿಯಿಂದ ‘ಇನ್‌ಹೆರಿಟೆನ್ಸ್’ ಆಗಿ ಬಂದಿದೆ ಎಂದು ಅದರಲ್ಲಿದೆ. ಪಿತ್ರಾರ್ಜಿತ, ವಾರಸು, ಉತ್ತರಾಧಿಕಾರ, ಪೌತಿ, ಬಳುವಳಿ: ಇವುಗಳಲ್ಲಿ ಯಾವುದನ್ನು ಹಾಕಬೇಕು? ಪತ್ರಿಕೆಗಳಲ್ಲಿ ಹೆಚ್ಚಾಗಿ ‘ಪಿತ್ರಾರ್ಜಿತ’ ಎಂದೇ ಕಾಣುತ್ತದೆ. ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಪಿತ್ರಾರ್ಜಿತ ಖಂಡಿತ ಬೇಡ ಸರ್. ತಾಯಿಯ ಆಸ್ತಿಗೆ ಆ ಪದ ಒಪ್ಪುವುದಿಲ್ಲ ಎನ್ನುವುದು ಮೇಲ್ನೋಟದ ಕಾರಣ. ಇನ್ನೂ ದೊಡ್ಡ ಕಾರಣ ಕಾನೂನಿನದು. ಕೋರ್ಟು ಕಚೇರಿಗಳಲ್ಲಿ ಪಿತ್ರಾರ್ಜಿತ ಅಂದರೆ ತಂದೆ, ಅಜ್ಜ, ಮುತ್ತಜ್ಜನ ಸಾಲಿನಿಂದ ಇಳಿದು ಬಂದ, ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿರುವ ಆಸ್ತಿ. ಹಿಂದೂ ಉತ್ತರಾಧಿಕಾರ ಅಧಿನಿಯಮಕ್ಕೆ 2005ರಲ್ಲಿ ಆದ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಆ ಹಕ್ಕು ಹುಟ್ಟಿನಿಂದಲೇ ಇದೆ. ಇನ್‌ಹೆರಿಟೆನ್ಸ್ ಹಾಗಲ್ಲ. ಹಿಂದಿನವರು ತೀರಿಕೊಂಡ ಮೇಲಷ್ಟೇ ಮುಂದಿನವರಿಗೆ ಹಕ್ಕು.

ಈ ವ್ಯತ್ಯಾಸ ಇಂಗ್ಲಿಷಿನಿಂದ ಬಂದದ್ದಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರ ಎಂಬ ಧರ್ಮಶಾಸ್ತ್ರ ಗ್ರಂಥದಲ್ಲೇ ಹುಟ್ಟಿನಿಂದ ಬರುವುದು ಅಪ್ರತಿಬಂಧ ದಾಯ (ದಾಯ ಅಂದರೆ ಸಂಬಂಧದಿಂದ ಬರುವ ಆಸ್ತಿ), ಒಡೆಯನಿಗೆ ಗಂಡು ಸಂತಾನವಿಲ್ಲದೆ ಅವನ ನಂತರ ಬೇರೆಯವರಿಗೆ ಹೋಗುವುದು ಸಪ್ರತಿಬಂಧ ದಾಯ ಎಂಬ ವಿಂಗಡಣೆ ಇದೆ. ದಾಯ ಪಡೆಯುವವನೇ ದಾಯಾದಿ. ಇಂಥ ಒಳ್ಳೆಯ ಪದ ಈಗ ಜಗಳಕ್ಕೆ ಮಾತ್ರ ಉಳಿದಿರುವುದು ಬೇಸರದ ಸಂಗತಿ.

ಕ್ರಯಪತ್ರದಲ್ಲಿ ‘ಪಿತ್ರಾರ್ಜಿತ’ ಎಂದು ಬರೆದರೆ ಏನಾಗುತ್ತದೆ? ಕೊಳ್ಳುವವರ ವಕೀಲರು ಮಾರುವವರ ಮಕ್ಕಳೆಲ್ಲರ ಸಹಿ ಕೇಳುತ್ತಾರೆ. ಮುಂದೆ ಯಾರಾದರೂ ವಿಭಾಗದ ದಾವೆ ಹಾಕಿದರೆ, ‘ಇವರೇ ಒಪ್ಪಿ ಬರೆದಿದ್ದಾರೆ’ ಎಂದು ಅದೇ ಸಾಲನ್ನು ಎತ್ತಿ ತೋರಿಸುತ್ತಾರೆ. ಅಪ್ಪನಿಂದ ಬಂದದ್ದೆಲ್ಲ ಪಿತ್ರಾರ್ಜಿತವೂ ಅಲ್ಲ. ತಂದೆಯ ಸ್ವಯಾರ್ಜಿತ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 8ನೇ ಕಲಮಿನಂತೆ ಮಗನಿಗೆ ಬಂದರೆ ಅದು ಅವನ ಪ್ರತ್ಯೇಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1986ರಲ್ಲೇ ಹೇಳಿದೆ.

ನಿಮ್ಮ ಪತ್ರಕ್ಕೆ ‘ಉತ್ತರಾಧಿಕಾರ’ ಸರಿಯಾದ ಪದ. ವಾಕ್ಯ ಹೀಗಿರಲಿ: “ಸದರಿ ಜಮೀನು ನನ್ನ ತಾಯಿಯವರ ಸ್ವಯಾರ್ಜಿತ ಸ್ವತ್ತಾಗಿದ್ದು, ಅವರು ಉಯಿಲು ಬರೆಯದೆ ಮೃತರಾದ ನಂತರ ಉತ್ತರಾಧಿಕಾರದ ಮೂಲಕ ನನಗೆ ಬಂದಿರುತ್ತದೆ.” ‘ಸ್ವಯಾರ್ಜಿತ’ ಎಂದು ಬರೆಯುವ ಮೊದಲು ತಾಯಿಯ ಪತ್ರ ನೋಡಿ. ಅವರಿಗೂ ಅದು ತವರಿನಿಂದ ಬಂದಿರಬಹುದು. ‘ನನಗೆ’ ಎನ್ನುವ ಮೊದಲು ಇನ್ನೊಂದು ವಿಚಾರಣೆ ಬೇಕು. ಅದೇ ಅಧಿನಿಯಮದ 15ನೇ ಕಲಮಿನಂತೆ ಉಯಿಲಿಲ್ಲದೆ ತೀರಿಕೊಂಡ ಹೆಂಗಸಿನ ಆಸ್ತಿ ಗಂಡುಮಕ್ಕಳು, ಹೆಣ್ಣುಮಕ್ಕಳು, ಗಂಡ ಎಲ್ಲರಿಗೂ ಒಟ್ಟಿಗೆ ಹೋಗುತ್ತದೆ. ಅವರಲ್ಲಿ ಬೇರೆ ಯಾರಾದರೂ ಇದ್ದರೆ ಅವರ ಹಕ್ಕು ಹೇಗೆ ಮಾರುವವರಿಗೆ ಬಂತು, ವಿಭಾಗವೋ ಹಕ್ಕು ಬಿಡುಗಡೆಯೋ, ಅದನ್ನು ಬೇರೆ ವಾಕ್ಯದಲ್ಲಿ ಬರೆಯಬೇಕು. ಇಂಗ್ಲಿಷ್ ಪದ ಇದನ್ನೆಲ್ಲ ಮುಚ್ಚಿಬಿಡುತ್ತದೆ. ಉಯಿಲು ಇದ್ದರೆ ‘ಉಯಿಲಿನ ಮೂಲಕ’ ಎಂದೇ ಬರೆಯಿರಿ. ತಾಯಿ ಬದುಕಿದ್ದಾಗಲೇ ಬರೆದುಕೊಟ್ಟಿದ್ದರೆ ಅದು ದಾನಪತ್ರ. ಅದಕ್ಕೂ ಉತ್ತರಾಧಿಕಾರಕ್ಕೂ ಸಂಬಂಧವಿಲ್ಲ.

ವಾರಸು ಅರಬ್ಬೀ ಮೂಲದ್ದು, ಪಾರ್ಸಿ ಆಡಳಿತದ ದಾರಿಯಲ್ಲಿ ಕನ್ನಡಕ್ಕೆ ಬಂದದ್ದು. ವ್ಯಕ್ತಿಯನ್ನು ಹೇಳುವಾಗ ‘ವಾರಸುದಾರ’ ಎಲ್ಲರಿಗೂ ತಿಳಿಯುತ್ತದೆ, ಧಾರಾಳವಾಗಿ ಬಳಸಿ. ಪೌತಿಯೂ ಅರಬ್ಬೀ ‘ಫೌತ್’ನಿಂದ ಬಂದದ್ದು, ಸಾವು ಎಂದು ಅರ್ಥ. ಪೌತಿ ಖಾತೆ ಅಂದರೆ ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಪಹಣಿಗೆ ಏರಿಸುವ ಕಂದಾಯ ಇಲಾಖೆಯ ಕೆಲಸ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ ಇಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಡುತ್ತಾರೆ. ಕರ್ನಾಟಕ ಭೂಕಂದಾಯ ಅಧಿನಿಯಮದ 128ನೇ ಕಲಮಿನಂತೆ ಹಕ್ಕು ಬಂದ 3 ತಿಂಗಳೊಳಗೆ ವರದಿ ಮಾಡಬೇಕು. ನಂತರ ನೋಟಿಸು, ತಕರಾರಿಗೆ ಅವಕಾಶ, ಆಮೇಲೆ ಮ್ಯುಟೇಶನ್, ಅಂದರೆ ಖಾತೆ ಬದಲಾವಣೆ. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಟ್ಟರೆ ತಕರಾರು ಬೀಳುವುದು ಇಲ್ಲೇ. ಖಾತೆ ಹಕ್ಕನ್ನು ಕೊಡುವುದಿಲ್ಲ, ದಾಖಲಿಸುತ್ತದೆ ಅಷ್ಟೇ. ಆದ್ದರಿಂದ ‘ಪೌತಿ ಖಾತೆ ಮೂಲಕ ಹಕ್ಕು ಬಂದಿದೆ’ ಎಂದು ಬರೆಯುವುದು ತಪ್ಪು. ‘ಉತ್ತರಾಧಿಕಾರದಿಂದ ಬಂದು, ಪೌತಿ ಖಾತೆಯಾಗಿರುತ್ತದೆ’ ಎನ್ನಿ.

ಬಳುವಳಿ ಮೂಲತಃ ಮದುವೆಯಲ್ಲಿ ಮಗಳಿಗೆ ತವರಿನವರು ಕೊಡುವ ಕೊಡುಗೆ. ‘ಸಂಗೀತ ಅವರಿಗೆ ತಂದೆಯಿಂದ ಬಳುವಳಿಯಾಗಿ ಬಂತು’ ಎನ್ನುವಲ್ಲಿ ಸೊಗಸಾಗಿದೆ, ಕ್ರಯಪತ್ರದಲ್ಲಿ ಬೇಡ. ಜೀವಶಾಸ್ತ್ರದಲ್ಲಾದರೆ ‘ಆನುವಂಶಿಕತೆ’, ಕಂಪ್ಯೂಟರ್ ಪಾಠದಲ್ಲಿ ‘ಇನ್‌ಹೆರಿಟೆನ್ಸ್’ ಎಂದೇ ಬಿಟ್ಟರೆ ಹುಡುಗರಿಗೆ ಸುಲಭ.

ಇನ್ನೊಬ್ಬರ ಸೇರ್ಪಡೆ: ಮೇಲಿನದನ್ನು ಪೂರ್ತಿ ಒಪ್ಪುತ್ತೇನೆ. ಆಡುಮಾತಿನ ಬಗ್ಗೆ ಒಂದು ಎಚ್ಚರಿಕೆ. ನಮ್ಮ ಕಡೆ ಕೇಳಿದರೆ ‘ಹಿರೇರ ಆಸ್ತಿ’ ಅಥವಾ ‘ಭಾಗಕ್ಕೆ ಬಂದ ಹೊಲ’ ಎನ್ನುತ್ತಾರೆ. ಎರಡೂ ಒಂದೇ ಅಲ್ಲ. ಎರಡನೆಯದು ಅಣ್ಣತಮ್ಮಂದಿರ ನಡುವೆ ವಿಭಾಗವಾಗಿದೆ ಎಂದು ಹೇಳುತ್ತದೆ. ಅದು ನೋಂದಣಿಯಾದ ವಿಭಾಗಪತ್ರವೋ ಬಾಯಿಮಾತಿನದೋ ಕೇಳಿ ತಿಳಿದೇ ಬರೆಯಿರಿ.

ಹಾಗೆಯೇ, ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ತಾಯಿಯ ಪತ್ರ ಅದಕ್ಕೂ ಹಿಂದಿನದಾಗಿದ್ದರೆ ಅದರಲ್ಲಿ ‘ಚಿತ್ರದುರ್ಗ ಜಿಲ್ಲೆ, ಹರಿಹರ ತಾಲ್ಲೂಕು’ ಎಂದಿರುತ್ತದೆ. ಅದನ್ನು ತಿದ್ದದೆ ‘ಅಂದಿನ ಚಿತ್ರದುರ್ಗ ಜಿಲ್ಲೆ, ಈಗಿನ ದಾವಣಗೆರೆ ಜಿಲ್ಲೆ’ ಎಂದು ಎರಡನ್ನೂ ಕೊಡಿ, ಸರ್ವೆ ನಂಬರು ಮತ್ತು ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಹಳೆಯ ಪತ್ರಕ್ಕೆ ತಾಳೆಯಾಗುವಂತೆ ನೋಡಿಕೊಳ್ಳಿ.