ಒಂದು ಅಡ್ಡಗೀಟು, ನಾನೂರು ವರ್ಷ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರಾಜಧಾನಿ ಮ್ಯಾಡಿಸನ್‌ನಲ್ಲಿ ಡಿಸೆಂಬರ್ ಬಂತೆಂದರೆ ಎರಡು ಬೀಳುತ್ತವೆ: ಅಂಗಳಕ್ಕೆ ಹಿಮ, ಟಪಾಲು ಡಬ್ಬಿಗೆ ಮನೆ ತೆರಿಗೆ ಬಿಲ್ಲು. ಹಿಮವನ್ನಾದರೂ ಸಲಿಕೆಯಲ್ಲಿ ಎತ್ತಿ ಆಚೆ ಹಾಕಬಹುದು. ಪದ್ಮಕ್ಕ ಬಿಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ ಶೀನನ ಮನೆಗೆ ಬಂದರು.

ಅಲ್ಲಿ ಶೀನನ ಅತ್ತೆ ಮಗಳ ಬಾಣಂತನಕ್ಕೆಂದು ಮೈಸೂರಿನಿಂದ ಬಂದಿದ್ದಾರೆ. ಮಾವ, ರಿಟೈರಾದ ಕನ್ನಡ ಮೇಷ್ಟ್ರು, ಅವರದೇ ಮಾತಿನಲ್ಲಿ ಹೇಳುವುದಾದರೆ 'ಅತ್ತೆಯ ಲಗೇಜು'. ಫ್ರಿಜ್ ಮೇಲೆ ಮಗಳು ಪೆನ್ಸಿಲ್ಲಿನಲ್ಲಿ ಬರೆದ ಚೀಟಿ: 'ಅಪ್ಪನಿಗೆ ದಿನಕ್ಕೆ 1-2 ಬೋಂಡ'. ಅಂದಿನ ಕೋಟಾ ಆಗಲೇ ಮುಗಿದಿತ್ತು.

"ನನ್ನ ಮಕ್ಕಳು ಓದು ಮುಗಿಸಿ ಕೆಲಸಕ್ಕೆ ಸೇರಿ ಎಷ್ಟೋ ಕಾಲ ಆಯ್ತು. ಈಗಲೂ ಸ್ಕೂಲಿಗೆ ಅಂತ ನನ್ನ ಹತ್ರ ಕೀಳ್ತಾರಲ್ಲ!" ಪದ್ಮಕ್ಕ ಬಿಲ್ಲನ್ನು ಟೀಪಾಯಿ ಮೇಲೆ ಕುಕ್ಕಿದರು.

"ಗವರ್ನರ್ ಕೃಪೆ ಅಕ್ಕ," ಅಂದ ಶೀನ.

ಮೇಷ್ಟ್ರಿಗೆ ಆಶ್ಚರ್ಯ. "ಬಜೆಟ್ಟಿಗೂ ಗವರ್ನರಿಗೂ ಏನಯ್ಯ ಸಂಬಂಧ? ನಮ್ಮಲ್ಲಿ ರಾಜ್ಯಪಾಲರು ಸರ್ಕಾರ ಬರೆದುಕೊಟ್ಟ ಭಾಷಣ ಓದ್ತಾರೆ. ಬಜೆಟ್ ಓದೋದು ಮುಖ್ಯಮಂತ್ರಿ. 2025ರಲ್ಲಿ ಸಿದ್ದರಾಮಯ್ಯನವರು ಓದಿದ್ದು ಅವರ 16ನೇದು."

"ಇಲ್ಲಿ ಗವರ್ನರ್ ಅಂದ್ರೆ ಜನ ವೋಟು ಹಾಕಿ ಆರಿಸಿದವರು ಮಾವ, ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ. ಆದ್ರೆ ಶಾಸನಸಭೆ ಅವರ ಕೈಲಿರಬೇಕು ಅಂತೇನಿಲ್ಲ. ವಿಸ್ಕಾನ್ಸಿನ್‌ದು ಎರಡು ವರ್ಷಕ್ಕೊಂದು ಬಜೆಟ್. ಗವರ್ನರ್ ತಮ್ಮ ಪ್ರಸ್ತಾವ ಓದ್ತಾರೆ, ಆಮೇಲೆ ಅದು ಜಂಟಿ ಹಣಕಾಸು ಸಮಿತಿಗೆ ಹೋಗುತ್ತೆ. 16 ಜನ. 2023ರಲ್ಲಿ ಗವರ್ನರ್ ಟೋನಿ ಎವರ್ಸ್ ಡೆಮಾಕ್ರಟ್, ಸಮಿತಿಯಲ್ಲಿ ರಿಪಬ್ಲಿಕನ್ನರ ಬಹುಮತ. ಒಂದೇ ಏಟಿಗೆ ಅವರ ಐನೂರಕ್ಕೂ ಹೆಚ್ಚು ಸಲಹೆ ಕಿತ್ತು ಹಾಕಿದ್ರು."

"ಮದುವೆಗೆ ಮುಂಚೆ ನಾನು ಕೊಟ್ಟ ಸೀರೆ ಪಟ್ಟಿ ಥರ," ಅಂದರು ಪದ್ಮಕ್ಕ. "ಓದಿದ್ದು ಎಲ್ಲರೂ, ತಂದಿದ್ದು ಯಾರೂ ಇಲ್ಲ."

"ಹಾಗಾದ್ರೆ ಗವರ್ನರ್ ಕೈಲಿ ಏನುಳೀತು?" ಅಂದರು ಮೇಷ್ಟ್ರು.

"ರಬ್ಬರು!" ಅಂದೆ ನಾನು. ಇದು ನನ್ನ ಅಚ್ಚುಮೆಚ್ಚಿನ ಕಥೆ, ಶೀನನಿಗೆ ಬಿಟ್ಟುಕೊಡುವ ಮನಸ್ಸಾಗಲಿಲ್ಲ. "ಶಾಸನಸಭೆ ಒಪ್ಪಿ ಕಳಿಸಿದ ಬಜೆಟ್‌ನಲ್ಲಿ ಗವರ್ನರ್ ಒಂದಕ್ಷರ ಸೇರಿಸೋ ಹಾಗಿಲ್ಲ, ಅಳಿಸಬಹುದು. 1930ರಿಂದ ಇರೋ ಅಧಿಕಾರ ಇದು. ಹಿಂದೆ ಒಬ್ಬರು ಅಕ್ಷರ ಅಕ್ಷರ ಹೊಡೆದು ಹೊಸ ಪದವನ್ನೇ ಹುಟ್ಟಿಸ್ತಿದ್ರು. 1990ರಲ್ಲಿ ಜನ ವೋಟು ಹಾಕಿ ಅದನ್ನ ನಿಲ್ಲಿಸಿದ್ರು."

ಮೇಷ್ಟ್ರ ಕಣ್ಣರಳಿತು. "'ಸಂಬಳ ಹೆಚ್ಚಿಸುವುದು ಬೇಡ' ಅಂತಿದ್ರೆ 'ಬೇಡ' ಹೊಡೆದು ಹಾಕೋದು!"

"ಅದೇ. ಅಕ್ಷರ ಮುಟ್ಟಬೇಡ ಅಂದ್ರು ಸರಿ, ಅಂಕಿ ಮುಟ್ಟಬೇಡ ಅನ್ನೋದನ್ನ ಮರೆತ್ರು. ಶಾಲೆಗಳು ಒಬ್ಬ ವಿದ್ಯಾರ್ಥಿಗೆ ಇಷ್ಟೇ ಹಣ ಎತ್ತಬಹುದು ಅಂತ ಇಲ್ಲೊಂದು ಮಿತಿ ಇದೆ. 2009ರ ತನಕ ಬೆಲೆ ಏರಿದ ಹಾಗೆ ಅದೂ ಏರ್ತಿತ್ತು, ಆಮೇಲೆ ಆ ನಂಟು ಕಡಿದ್ರು. 2023ರಲ್ಲಿ ಸಭೆಯವರು, 2024-25ರ ತನಕ ವರ್ಷಕ್ಕೆ 325 ಡಾಲರ್ ಏರಿಸಿಕೊಳ್ಳಿ ಅಂದ್ರು. ಎವರ್ಸ್ 20 ಅಳಿಸಿದ್ರು, ಮಧ್ಯದ ಅಡ್ಡಗೀಟು ಅಳಿಸಿದ್ರು."

ಮೇಷ್ಟ್ರು ಗಾಳಿಯಲ್ಲಿ ಬೆರಳಾಡಿಸಿದರು. "24… 25… ಶಿವಾ! 2425ನೇ ಇಸವಿ!"

"ನಾನೂರು ವರ್ಷ. ಕೋರ್ಟಿಗೂ ಹೋಯ್ತು. 2025ರ ಏಪ್ರಿಲ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ನಾಲ್ಕಕ್ಕೆ ಮೂರರ ಬಹುಮತದಲ್ಲಿ ಸರಿ ಅಂತು."

"ಮಹಾನುಭಾವ ಮೊದಲು ಏನ್ಮಾಡ್ತಿದ್ದ?"

"ಸ್ಕೂಲ್ ಮೇಷ್ಟ್ರು."

"ನೋಡಿ!" ಮೇಷ್ಟ್ರು ತೊಡೆ ತಟ್ಟಿದರು. "ಕೆಂಪು ಪೆನ್ನು ಹಿಡಿದ ಕೈ ಸುಮ್ಮನಿರುತ್ತಾ!"

ಶೀನ ಫೋನಲ್ಲಿ ಗುಣಿಸಿ ನೋಡಿದ. "2425ಕ್ಕೆ ಒಂದು ಮಗುವಿಗೆ ಈಗಿನದರ ಮೇಲೆ 1,30,000 ಡಾಲರ್."

"ನನ್ನ ಕೂಸಿನ ಮೊಮ್ಮಕ್ಕಳ ಮೊಮ್ಮಕ್ಕಳಿಗೂ ಫೀಸಿನ ಚಿಂತೆ ಇಲ್ಲ!" ಅಂದರು ಮೇಷ್ಟ್ರು.

"ಖುಷಿ ಪಡಬೇಡಿ," ಅಂದರು ಪದ್ಮಕ್ಕ. "ಗವರ್ನರ್ ಕೊಟ್ಟಿದ್ದು ದುಡ್ಡಾ?"

ಅಲ್ಲ. ಬಜೆಟ್ಟಿನಲ್ಲಿ ನಾವು ಎಡವುವುದೇ ಇಲ್ಲಿ. 325 ಡಾಲರ್ ಬರೀ ಅನುಮತಿ: ಹೋಳಿಗೆ ತಿನ್ನಿ, ಬೆಲ್ಲ ನೀವೇ ತನ್ನಿ. ರಾಜ್ಯ ತನ್ನ ಪಾಲಿನ ನೆರವು ಹೆಚ್ಚಿಸಿದರೆ ಸರಿ, ಇಲ್ಲದಿದ್ದರೆ ಊರಿನ ಮನೆಗಳ ಮೇಲೆ ತೆರಿಗೆ. 2025ರ ಬಜೆಟ್ಟಿನಲ್ಲಿ ಶಾಲೆಗಳ ಸಾಮಾನ್ಯ ನೆರವನ್ನು ಸಭೆ ಒಂದು ಕಾಸೂ ಏರಿಸಲಿಲ್ಲ. ವಿಶೇಷ ಅಗತ್ಯವಿರುವ ಮಕ್ಕಳ ಶಿಕ್ಷಣಕ್ಕೇನೋ ಹೆಚ್ಚು ಬಂತು, ಅದು ನಿಜ.

"ಅಂದ್ರೆ ಪುಣ್ಯ ಗವರ್ನರಿಗೆ, ಪಾಠ ಶೀನನ ಕೂಸಿಗೆ, ಬಿಲ್ಲು ನನಗೆ. ಸಭೆಯವರು ಇದನ್ನ ರದ್ದು ಮಾಡಬಹುದಿತ್ತಲ್ಲ?"

"ಎರಡೂ ಸದನದಲ್ಲಿ ಮೂರರಲ್ಲಿ ಎರಡು ಭಾಗ ವೋಟು ಬೇಕು ಅಕ್ಕ. ಸಿಗಲಿಲ್ಲ."

ಮೇಷ್ಟ್ರು ಯಾವಾಗ ಎದ್ದರೋ ನಾವು ಗಮನಿಸಲಿಲ್ಲ. ತಿರುಗಿ ನೋಡಿದರೆ ಫ್ರಿಜ್ ಮುಂದೆ ನಿಂತು, ಚೀಟಿಯ 1ಕ್ಕೂ 2ಕ್ಕೂ ಮಧ್ಯೆ ರಬ್ಬರು ತಿಕ್ಕುತ್ತಿದ್ದರು. ಊದಿ ಪುಡಿ ಹಾರಿಸಿ, ಗಂಭೀರವಾಗಿ ಓದಿದರು: "ಅಪ್ಪನಿಗೆ ದಿನಕ್ಕೆ 12 ಬೋಂಡ."

ಒಲೆ ಮುಂದಿದ್ದ ಅತ್ತೆ ಜಾಲರಿ ಸೌಟು ಹಿಡಿದೇ ತಿರುಗಿದರು. ಒಳಕೋಣೆಯಿಂದ ಬಾಣಂತಿಯ ದನಿ: "ಅಪ್ಪಾ!"

"ಮೂರರಲ್ಲಿ ಎರಡು," ಅಂದ ಶೀನ, "ಎರಡೂ ಸದನದಿಂದ."